ಜೇಬಕ್ಕನ ತಗಡಿನ ಡಬ್ಬ

ಲಾಂಡ್ರಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವಳು ಜೇಬಕ್ಕ. ಗಿರಾಕಿಗಳು ತಂದು ಸುರಿದ ಬಟ್ಟೆ ದೊಡ್ಡ ಮೆಷಿನ್ನಿಗೆ ಬೀಳುವ ಮುಂಚೆ ಅವಳ ಕೈ ದಾಟಿ ಹೋಗಬೇಕು. ಒಂದು ಪೆನ್ನು ಉಳಿದುಹೋದರೆ ಆ ಸರದಿಯ ಅಂಗಿಯಷ್ಟೂ ನೀಲಿ. ಒಂದು ಪಿನ್ನು ಉಳಿದರೆ ಯಾರದೋ ರೇಷ್ಮೆ ಚಿಂದಿ. ಇಸ್ತ್ರಿಯವನ ಜೊತೆ ಹರಟುತ್ತಾ, ಯಜಮಾನಿಯ ಬೈಗುಳಕ್ಕೆ ಹೂಂಗುಟ್ಟುತ್ತಾ, ಕಡೆಗೆ ತೂಕಡಿಸುತ್ತಾ ಇದ್ದರೂ ಆ ಕೈ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಹೊರಗಿನ ಜೇಬು, ಒಳಗಿನ ಜೇಬು, ಹಿಂದಿನ ಜೇಬು. ಚಿಲ್ಲರೆ ಒಂದು ಕಡೆ, ಕರ್ಚೀಫು ಒಂದು ಕಡೆ, ಫೋನು ಇನ್ನೊಂದು ಕಡೆ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ಜೇಬು ತಪ್ಪಿಸಿದವಳಲ್ಲ, ಅಷ್ಟು ನಂಬಿಕೆಯ ಕೈ. ಆ ಕೈಯೇ ಒಂದು ದಿನ ತನ್ನ ಮನೆ ಮುಳುಗಿಸುತ್ತದೆ ಅಂತ ಅವಳು ಕನಸಲ್ಲೂ ಎಣಿಸಿರಲಿಲ್ಲ.

ಅವಳ ಗಂಡ ಲಿಫ್ಟ್ ರಿಪೇರಿಯವನು. ಯಾವ ಕಟ್ಟಡದಲ್ಲಿ ಯಾರು ಎರಡು ಮಹಡಿಯ ನಡುವೆ ಸಿಕ್ಕಿಕೊಂಡು ಬಾಯಿ ಬಡಿದುಕೊಂಡರೂ ಮೊದಲು ಹೊಡೆದುಕೊಳ್ಳುವುದು ಇವನ ಫೋನು. ಉಂಡರೂ ಮಲಗಿದರೂ ಅದು ಸೊಂಟ ಬಿಟ್ಟು ಇಳಿದದ್ದಿಲ್ಲ. ಲಿಫ್ಟಿನ ತಳದ ಹೊಂಡದಲ್ಲಿ ಬಗ್ಗಿ ಏಳುವಾಗ ಮುಂದಿದ್ದರೆ ಅಡ್ಡ ಬರುತ್ತದೆ ಎಂದು ಚರ್ಮದ ಚೀಲದಲ್ಲಿಟ್ಟು, ಬೆಲ್ಟಿಗೆ ಸಿಕ್ಕಿಸಿ, ಬೆನ್ನ ಹಿಂದೆ ಬಲಬದಿಗೆ ಸರಿಸಿಕೊಳ್ಳುತ್ತಿದ್ದ. ಅವನ ಕೆಲಸದ ಅಂಗಿಗಳ ಮೇಲೆ ಆ ಜಾಗದಲ್ಲಿ ಅಂಗೈಯಗಲ ಬಣ್ಣ ಹೋಗಿರುತ್ತಿತ್ತು. ಅಂಥ ಗುರುತು ಅವಳು ಲಾಂಡ್ರಿಯಲ್ಲಿ ದಿನಾ ನೋಡುತ್ತಿದ್ದಳು. "ಏನ್ರೀ ಇದು, ಒಗೆಯೋವಾಗ ಬಣ್ಣ ಹೋಯ್ತಾ?" ಎಂದು ಜಗಳಕ್ಕೆ ಬಂದ ಗಿರಾಕಿಗೆ, "ನಮ್ಮ ಕೈವಾಡ ಅಲ್ಲ ಸಾರ್, ಫೋನು ಉಜ್ಜಿ ಉಜ್ಜಿ ಹೋಗಿರೋದು" ಎಂದು ಸಮಾಧಾನ ಹೇಳುವವಳೂ ಅವಳೇ.

ಮೂರು ವರ್ಷದ ಹಿಂದೆ ಅವನ ಮುಖ ಊದಿಕೊಂಡಿತು, ಆಮೇಲೆ ಕಾಲು. ಹೊಟ್ಟೆಗೆ ಹಾಕಿದ್ದು ನಿಲ್ಲದಾಯಿತು. ಎರಡೂ ಕಿಡ್ನಿ ಕೈಕೊಟ್ಟಿವೆ ಎಂದರು. ಸಕ್ಕರೆ ಕಾಯಿಲೆ ಇರಲಿಲ್ಲ, ರಕ್ತದೊತ್ತಡ ಇರಲಿಲ್ಲ, ಕುಡಿತದ ಗಂಧವೇ ಗೊತ್ತಿಲ್ಲ. ಹಾಗಾದರೆ ಯಾಕೆ ಎಂದು ಜೇಬಕ್ಕ ಡಾಕ್ಟರನ್ನು ಹಿಡಿದು ನಿಲ್ಲಿಸಿ ಕೇಳಿದಳು.

"ಕೆಲವರಿಗೆ ಕಾರಣ ಸಿಗಲ್ಲಮ್ಮ. ಗೊತ್ತಿಲ್ಲ ಅನ್ನೋದೇ ನಿಜ" ಎಂದರು ಡಾಕ್ಟರು.

"ಅವರು ಫೋನನ್ನ ಸೊಂಟದಲ್ಲೇ ಇಟ್ಕೋತಿದ್ರು. ಕಿಡ್ನಿ ಇರೋ ಜಾಗದಲ್ಲೇ. ಅದರಿಂದ ಆಗಿರಬಹುದಾ?"

ಡಾಕ್ಟರು ನಗಲಿಲ್ಲ, ಅದು ಅವರ ದೊಡ್ಡತನ. "ಅದರ ಮೇಲೆ ತುಂಬಾ ಜನ ಸಂಶೋಧನೆ ಮಾಡಿದಾರೆ, ಮಾಡ್ತಾನೂ ಇದಾರೆ. ಕಿಡ್ನಿ ಹಾಳು ಮಾಡುತ್ತೆ ಅನ್ನೋಕೆ ಗಟ್ಟಿ ಪುರಾವೆ ಸಿಕ್ಕಿಲ್ಲ."

"ಹಾಗಾದ್ರೆ ಏನೂ ಮಾಡಲ್ಲ ಅಂತ ಬರೆದು ಕೊಡ್ತೀರಾ?"

"ಇನ್ನು ಐವತ್ತು ವರ್ಷಕ್ಕೆ ಏನು ಅಂತ ಯಾರೂ ಬರೆದು ಕೊಡೋಕಾಗಲ್ಲಮ್ಮ. ಆದ್ರೆ ನೀವು ಅದನ್ನ ತಲೆಗೆ ಹಚ್ಕೋಬೇಡಿ."

ಅವಳು ತಲೆಗೆ ಹಚ್ಚಿಕೊಂಡಳು. ಹಚ್ಚಿಕೊಳ್ಳದೆ ಏನು ಮಾಡಿಯಾಳು? ಗಟ್ಟಿಮುಟ್ಟಾದ ಗಂಡ ಕಣ್ಣೆದುರೇ ಒಣಗಿ ಕಡ್ಡಿಯಾಗುತ್ತಿದ್ದಾನೆ, ಯಾಕೆಂದು ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ. ಗೊತ್ತಿಲ್ಲ ಅನ್ನುವುದರ ಮೇಲೆ ಸಿಟ್ಟು ಮಾಡಿಕೊಳ್ಳಲಾಗುವುದಿಲ್ಲ. ಫೋನಿನ ಮೇಲೆ ಮಾಡಿಕೊಳ್ಳಬಹುದು. ಬಟ್ಟೆಯ ಬಣ್ಣ ಉಜ್ಜಿ ಹೋಗಿದ್ದು ಎಂದು ಊರಿಗೆಲ್ಲ ಹೇಳಿದವಳೇ ಮನೆಯಲ್ಲಿ ಅದೇ ಅಂಗಿ ಹಿಡಿದುಕೊಂಡು, ಬಟ್ಟೆಯನ್ನೇ ಹೀಗೆ ಮಾಡಿದ್ದು ಒಳಗಡೆ ಏನು ಮಾಡಿರಬೇಡ ಎಂದು ಕೂತಳು. ಚರ್ಮದ ಚೀಲವನ್ನು ಕಿತ್ತು ಅಟ್ಟದ ಮೇಲೆ ಎಸೆದಳು. ವೈಫೈ ಪೆಟ್ಟಿಗೆಯ ತಂತಿ ಕಿತ್ತು ಮೂಲೆಗೆ ಸೇರಿಸಿದಳು. ಲಾಂಡ್ರಿಯಿಂದ ಸೋಡಾಪುಡಿ ಬರುತ್ತಿದ್ದ ದಪ್ಪ ತಗಡಿನ ಡಬ್ಬವೊಂದನ್ನು ಮನೆಗೆ ತಂದು, ಒಳಗೆಲ್ಲ ಬೆಳ್ಳಿ ಕಾಗದ ಅಂಟಿಸಿ, ಮನೆಯೊಳಗೆ ಬಂದ ಫೋನೆಲ್ಲ ಇದರಲ್ಲೇ ಎಂದು ಅಪ್ಪಣೆ ಮಾಡಿದಳು. ತನ್ನ ಫೋನು ಒಳಗಿಟ್ಟು ಮುಚ್ಚಳ ಬಿಗಿದು ಗಂಡನ ಕೈಲಿ ಅದಕ್ಕೆ ಕರೆ ಮಾಡಿಸಿ ನೋಡಿದಳು. ಡಬ್ಬ ಕಮಕ್ ಕಿಮಕ್ ಅನ್ನಲಿಲ್ಲ.

ಗಂಡನಿಗೆ ನಗು. "ಇದೇನೇ, ನನ್ನ ಲಿಫ್ಟಿಗೆ ಮರಿ ಹಾಕಿಸಿದೀಯಲ್ಲ. ಅದರೊಳಗೂ ಹೀಗೇ, ಬಾಗಿಲು ಮುಚ್ಚಿತೋ ಸಿಗ್ನಲ್ ಸತ್ತಿತು. ಎಷ್ಟು ಸಲ ನಾನೇ ಒಳಗೆ ಸಿಕ್ಕಾಕ್ಕೊಂಡು ನಿನ್ನ ಫೋನಿಗೆ ಸಿಗದೆ ಬೈಸ್ಕೊಂಡಿಲ್ಲ?"

"ನಗ್ರಿ, ನಗ್ರಿ. ನಿಮಗೇನು, ನಗೋಕೆ ಕಾಸು ಕೊಡಬೇಕಾ?" ಎಂದು ಅವಳು ಮುಖ ತಿರುಗಿಸಿದಳು. ಅವನು ನಕ್ಕಿದ್ದು ನೋಡಿ ಅವಳಿಗೆ ಜೀವ ಬಂದಂತಾಗಿತ್ತು.

ಆಮೇಲೆ ಕಿಡ್ನಿ ಕಸಿಗೆ ಕಾಯುವವರ ಸಾಲಿನಲ್ಲಿ ಅವನ ಹೆಸರು ಸೇರಿತು. ಅವಳ ಕಿಡ್ನಿ ಅವನಿಗೆ ಹೊಂದಲಿಲ್ಲ, ಕೊಡುವ ಇನ್ನೊಬ್ಬರು ಇರಲಿಲ್ಲ. ಯಾರೋ ಪುಣ್ಯಾತ್ಮರು ಸಾಯುತ್ತಾ ಕೊಟ್ಟು ಹೋದದ್ದು ಬಂದರೆ ಉಂಟು. ಆಸ್ಪತ್ರೆಯಲ್ಲಿ ಕಸಿ ವಿಭಾಗ ನೋಡಿಕೊಳ್ಳುವ ಮೇಡಂ ಇಬ್ಬರನ್ನೂ ಎದುರು ಕೂರಿಸಿ ಬಿಡಿಸಿ ಹೇಳಿದರು. "ಕರೆ ಯಾವಾಗ ಬೇಕಾದ್ರೂ ಬರಬಹುದು. ಬಂದಾಗ ಎತ್ತಬೇಕು, ತಕ್ಷಣ ಹೊರಡಬೇಕು. ನೀವು ಸಿಗಲಿಲ್ಲ ಅಂದ್ರೆ ಮುಂದಿನೋರನ್ನ ಕರೀತೀವಿ. ನಮಗೆ ಬೇರೆ ದಾರಿ ಇಲ್ಲ, ಅದು ಇಟ್ಕೊಂಡು ಕಾಯೋ ವಸ್ತು ಅಲ್ಲ." ಇಬ್ಬರ ನಂಬರನ್ನೂ ತೆಗೆದುಕೊಂಡರು.

ಅಂದೇ ಮನೆಯಲ್ಲಿ ಹೊಸ ಕರಾರು ಆಯಿತು. ಅವನ ಫೋನು ಡಬ್ಬಕ್ಕೆ ಸೇರಕೂಡದು. ಅದು ಕಿಟಕಿ ಕಟ್ಟೆಯ ಮೇಲೆ, ಮಂಚದಿಂದ ಮಾರು ದೂರ, ಸದ್ದು ಪೂರ್ತಿ ಏರಿಸಿ ಇರಬೇಕು. ಮನೆಗೆ ಬಂದ ಕೂಡಲೇ ಅವನು ಅದನ್ನು ಅಲ್ಲಿಟ್ಟೇ ಚಪ್ಪಲಿ ಬಿಡುವುದು. ಜೇಬಕ್ಕ ಏನೇ ಕೆಲಸ ಮಾಡುತ್ತಿದ್ದರೂ ಒಂದು ಕಣ್ಣು ಕಿಟಕಿಯ ಕಡೆ. ಅದು ಗಂಡನನ್ನು ತಿಂದ ವೈರಿ, ಬದುಕಿಸಬೇಕಾದ್ದೂ ಅದೇ. ಅವಳ ಫೋನು ಮಾತ್ರ ಡಬ್ಬದಲ್ಲೇ ಉಳಿಯಿತು. ಒಂದು ಹೊರಗಿದೆಯಲ್ಲ, ಸಾಕು ಅಂದುಕೊಂಡಳು.

ಡಯಾಲಿಸಿಸ್ ಮಾಡಿಸುವ ಕೇಂದ್ರದಲ್ಲಿ ಪಕ್ಕದ ಮಂಚಕ್ಕೆ ಒಬ್ಬಳು ಹುಡುಗಿ ಬರುತ್ತಿದ್ದಳು, ಪುಟ್ಟ ಮಕ್ಕಳ ಶಾಲೆಯ ಟೀಚರು. ಜೊತೆಗೆ ಅವಳ ತಾಯಿ. ಇಬ್ಬರದೂ ಒಂದೇ ರಕ್ತದ ಗುಂಪು, ಒಂದೇ ಆಸ್ಪತ್ರೆಯ ಸಾಲು. "ಅಂಕಲ್, ನೀವು ಬೇಗ ಜಾಗ ಖಾಲಿ ಮಾಡಿದ್ರೆ ತಾನೇ ನನ್ನ ಸರದಿ ಬರೋದು? ತಳ್ಳಿಬಿಡ್ಲಾ?" ಎಂದು ಅವಳು ರೇಗಿಸುತ್ತಿದ್ದಳು. "ತಳ್ಳು ತಾಯಿ, ನಿಧಾನಕ್ಕೆ ತಳ್ಳು, ಸೂಜಿ ಕಿತ್ತುಬಂದೀತು" ಎನ್ನುತ್ತಿದ್ದ ಇವನು.

ಆ ದಿನ ಜೇಬಕ್ಕನಿಗೆ ರಜೆ. ಬೆಳಿಗ್ಗೆ ಡಯಾಲಿಸಿಸ್ ಮುಗಿಸಿ ಗಂಡ ಒಬ್ಬನೇ ಮನೆಗೆ ಬಂದ. ಅವರ ಮನೆ ಇರುವುದು ಮೂರನೇ ಮಹಡಿಯಲ್ಲಿ. ಊರಿಗೆಲ್ಲ ಲಿಫ್ಟ್ ಓಡಿಸಿಕೊಟ್ಟವನ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವನಿಗೆ ಕಣ್ಣು ಕತ್ತಲೆ ಬಂದಿತ್ತು. ಕಿಟಕಿಯ ಕಡೆ ಹೋಗಲಿಲ್ಲ. ಪ್ಯಾಂಟು ಕಳಚಿ ಕುರ್ಚಿಗೆ ಹಾಕಿ, ಮನೆಬಟ್ಟೆ ಸುತ್ತಿಕೊಂಡು ಮಂಚಕ್ಕೆ ಒರಗಿದ.

"ತೂಕ ಎಷ್ಟು ಬಂತು?" ಅವಳು ಕೇಳಿದಳು.

ಅವನು ಹೇಳಿದ.

"ಅಂದ್ರೆ ಮತ್ತೆ ನೀರು ಕುಡಿದಿದೀರ. ಕುಡಿದಿದ್ದೆಲ್ಲ ಮೈಯಲ್ಲೇ ನಿಲ್ಲುತ್ತೆ ಅಂತ ಡಾಕ್ಟರು ಹೇಳಿಲ್ವಾ? ಅಳೆದು ಕೊಡೋದು ಯಾಕೆ ನಾನು? ಕದ್ದು ಕುಡೀತೀರ, ಮಕ್ಕಳ ಥರ. ಯಾರಿಗೆ ಮೋಸ ಮಾಡ್ತಿದೀರ ಹೇಳಿ."

"ಬಾಯಾರುತ್ತೆ ಕಣೇ."

"ನನಗೂ ಆಗುತ್ತೆ. ನೀವು ಕುಡಿಯೋ ಹಾಗಿಲ್ಲ ಅಂತ ನಾನೂ ನಿಮ್ಮೆದುರು ಲೋಟ ಎತ್ತಲ್ಲ, ಗೊತ್ತಾ ನಿಮಗೆ?"

ಅವಳ ಬಾಯಿ ನಡೆಯುತ್ತಿತ್ತು, ಕೈಯೂ ನಡೆಯುತ್ತಿತ್ತು. ಪ್ಯಾಂಟನ್ನು ಒಗೆಯಲು ಎತ್ತಿಕೊಂಡಳು. ಕೈ ಜೇಬಿಗೆ ಹೋಯಿತು. ಚಿಲ್ಲರೆ ಗೂಡಿಗೆ, ಕರ್ಚೀಫು ಬಕೆಟ್ಟಿಗೆ, ಫೋನು ಡಬ್ಬಕ್ಕೆ. ಮುಚ್ಚಳ ಬಿಗಿಯಿತು. ಮಂಚದ ಮೇಲಿನವನು ಆಗಲೇ ಕಣ್ಣು ಮುಚ್ಚಿದ್ದ. ಅವಳು ಬೈಗುಳ ಮುಗಿಸಿ, ಹೊದಿಕೆ ಎಳೆದುಕೊಟ್ಟು, ಬಚ್ಚಲಿಗೆ ಹೋಗಿ ಬಟ್ಟೆ ನೆನೆಸಿದಳು. ತಾನು ಮಾಡಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಬಟ್ಟೆ ಒಗೆದಳು, ಹಿಂಡಿದಳು, ಹಿತ್ತಿಲ ಕಡೆಯ ಹಗ್ಗಕ್ಕೆ ಹರವಿದಳು. ಅಡುಗೆ ಮಾಡಿದಳು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅವಳಿಗೆ ಹಾಯೆನಿಸಿತು, ಪಾಪ. ಮಧ್ಯಾಹ್ನ ಮರುದಿನದ ಪಾಳಿ ಕೇಳಲು ಯಜಮಾನಿಗೆ ಫೋನು ಮಾಡೋಣವೆಂದು ಡಬ್ಬ ತೆರೆದಳು. ಒಳಗೆ ಎರಡು ಫೋನು ಇದ್ದವು.

ನೋಡುತ್ತಿದ್ದಂತೆ ಎರಡೂ ಒಟ್ಟಿಗೆ ಗುರುಗುಟ್ಟತೊಡಗಿದವು. ತಪ್ಪಿದ ಕರೆಗಳ ಸಂದೇಶದ ಮೇಲೆ ಸಂದೇಶ. ಆಸ್ಪತ್ರೆಯ ನಂಬರು, ಮತ್ತೆ ಅದೇ ನಂಬರು, ಅವನದಕ್ಕೆ, ಇವಳದಕ್ಕೆ, ಮತ್ತೆ ಅವನದಕ್ಕೆ. ಕೊನೆಯ ಸಂದೇಶ: ದಯವಿಟ್ಟು ಕೂಡಲೇ ಸಂಪರ್ಕಿಸಿ. ಅದನ್ನೂ ಕಳಿಸಿ ತುಂಬಾ ಹೊತ್ತಾಗಿತ್ತು. ಫೋನು ಹಿಡಿದುಕೊಂಡು ಬಚ್ಚಲಿಗೆ ಓಡಿ, ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು ನಂಬರು ಒತ್ತಿದಳು.

"ಎಲ್ಲಿದ್ರಿ ನೀವು?" ಕಸಿ ವಿಭಾಗದ ಮೇಡಂ ದನಿ ಏರಿಸಲಿಲ್ಲ, ಏರಿಸಿದ್ದರೆ ಒಳ್ಳೆಯದಿತ್ತು. "ಎಷ್ಟೊತ್ತಿಂದ ಹೊಡೀತಿದೀವಿ. ಇಬ್ಬರದೂ ಸಿಗಲಿಲ್ಲ. ಮುಂದಿನೋರನ್ನ ಕರೆಸಿದೀವಿ. ಅವರ ಪರೀಕ್ಷೆ ನಡೀತಿದೆ."

"ಈಗಲೇ ಬರ್ತೀವಿ ಮೇಡಂ. ಈಗಲೇ."

"ಬನ್ನಿ. ನಾನು ಏನೂ ಮಾತು ಕೊಡೋಕಾಗಲ್ಲ. ಅವರದು ಹೊಂದದಿದ್ರೆ ನೋಡೋಣ."

ಅವರದು ಹೊಂದದಿರಲಿ ಎಂದು ಅವಳ ಮನಸ್ಸು ಬೇಡಿಕೊಂಡಿತು. ಯಾರು, ಏನು ಅಂತ ಗೊತ್ತಿಲ್ಲದ ಒಂದು ಜೀವಕ್ಕೆ ಹಾಗೆ ಬಯಸಿದಳು.

ಗಂಡನನ್ನು ಅಲುಗಾಡಿಸಿ ಎಬ್ಬಿಸಿದಳು. "ಏಳ್ರಿ, ಆಸ್ಪತ್ರೆಯಿಂದ ಕರೆ ಬಂದಿದೆ, ಹೊರಡಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಮುಖ ನೋಡಬೇಕಿತ್ತು. "ಯಾವಾಗ ಬಂತು?"

"ಈಗ" ಎಂದಳು. "ಈಗ ತಾನೇ."

ಆ ಸುಳ್ಳು ಬಾಯಿಂದ ಹೇಗೆ ಜಾರಿತು ಅಂತ ಅವಳನ್ನೇ ಕೇಳಬೇಕು. ಅವನು ಆತುರಕ್ಕೆ ಶರ್ಟಿನ ಗುಂಡಿಗಳನ್ನು ತಪ್ಪು ತಪ್ಪಾಗಿ ಹಾಕುತ್ತಿದ್ದ. ಅವಳೇ ಹಾಕಿದಳು. ಮೆಟ್ಟಿಲು ಇಳಿಯುವಾಗ ಅವನು ಅವಳ ಹೆಗಲು ಹಿಡಿದುಕೊಂಡು, ಎಷ್ಟೋ ತಿಂಗಳಿಂದ ಕೇಳದ ದನಿಯಲ್ಲಿ ಮಾತಾಡುತ್ತಾ ಬಂದ. ಟ್ಯಾಕ್ಸಿಯಲ್ಲಿ ಕೂತ ಮೇಲೂ ನಿಲ್ಲಿಸಲಿಲ್ಲ. "ಮೊದಲು ಒಂದು ಚೊಂಬು ನೀರು ಕುಡೀತೀನಿ ಕಣೇ. ಗಟಗಟ ಅಂತ. ನೀನು ಅಳೆಯೋ ಹಾಗಿಲ್ಲ. ನಿನಗೂ ಒಂದು ಚೊಂಬು." ಅವಳು ಹೂಂ ಎಂದಳು. ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಪ್ರತಿ ಕೆಂಪು ದೀಪಕ್ಕೂ "ಸ್ವಲ್ಪ ಬೇಗ ಹೋಗಿ ಅಣ್ಣ" ಎಂದು ಚಾಲಕನಿಗೆ ಹೇಳಿ ಹೇಳಿ ಅವಳ ಬಾಯಿ ಒಣಗಿತು.

"ಪಕ್ಕದ ಮಂಚದ ಹುಡುಗಿಗೆ ಒಂದು ಮಾತು ಹೇಳಿಬಿಡೋಣ, ಜಾಗ ಖಾಲಿ ಆಯ್ತು ಅಂತ. ನನ್ನ ಫೋನು ಎಲ್ಲಿ?" ಎಂದ.

ಕೊಡದೆ ವಿಧಿಯಿರಲಿಲ್ಲ. ತನ್ನ ಕೈಚೀಲದಿಂದ ತೆಗೆದು ಕೊಟ್ಟಳು. ಅವನು ನಗುತ್ತಲೇ ತೆರೆದ. ಹುಡುಗಿಯ ಹೆಸರು ಹುಡುಕಲು ಸಂದೇಶಗಳ ಪಟ್ಟಿಗೆ ಹೋದ. ಬೆರಳು ನಿಂತಿತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು, ನೋಡದೆಯೂ ಅವಳಿಗೆ ಎಲ್ಲಾ ಕಾಣುತ್ತಿತ್ತು. ಅವನು ಒಂದೊಂದಾಗಿ ಮೇಲಿಂದ ಕೆಳಗೆ ಓದಿದ. ಆಮೇಲೆ ಫೋನನ್ನು ಮಡಿಲಲ್ಲಿ ಮಗುಚಿಟ್ಟು ಸುಮ್ಮನೆ ಕೂತ. ಬೈಯಲಿ, ಕೆನ್ನೆಗೆ ಬಾರಿಸಲಿ, ಏನಾದರೂ ಮಾಡಲಿ ಎಂದು ಅವಳು ಕಾದಳು.

ಕಸಿ ವಿಭಾಗದ ಮುಂದಿನ ಉದ್ದ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಇವರನ್ನು ಕಂಡದ್ದೇ ಎದ್ದು ಓಡಿಬಂದು ಜೇಬಕ್ಕನ ಎರಡೂ ಕೈ ಹಿಡಿದುಕೊಂಡಳು. ಟೀಚರು ಹುಡುಗಿಯ ತಾಯಿ.

"ಹೊಂದಿತಂತೆ ಅಕ್ಕ. ಈಗ ತಾನೇ ಒಳಗೆ ಕರ್ಕೊಂಡು ಹೋದ್ರು. ಯಾರೋ ನಮಗಿಂತ ಮುಂದಿನೋರು ಫೋನ್ ಎತ್ತಲಿಲ್ಲವಂತೆ. ಅವರ ಹೊಟ್ಟೆ ತಣ್ಣಗಿರಲಿ. ನಿಮಗೆ ಯಾರು ಹೇಳಿದ್ರು? ಸುದ್ದಿ ಕೇಳಿ ಇಬ್ಬರೂ ಓಡಿಬಂದ್ರಲ್ಲ, ಎಷ್ಟು ಒಳ್ಳೆ ಜನ ನೀವು."

ಗಂಡ ಗೋಡೆ ಹಿಡಿದು ನಿಂತಿದ್ದ. "ಗೊತ್ತಾಯ್ತು, ಬಂದ್ವಿ. ಗಟ್ಟಿಗಿತ್ತಿ ನಿಮ್ಮ ಮಗಳು, ಏನೂ ಆಗಲ್ಲ" ಎಂದ ಆ ತಾಯಿಗೆ.

ಮೇಡಂ ಕೋಣೆಗೆ ಕರೆದರು. ಅವರ ಕಣ್ಣಲ್ಲಿ ಬೇಸರವಿತ್ತು, ಕೇಳದೆ ಬಿಡುವಂತೆಯೂ ಇರಲಿಲ್ಲ. "ನಿಮ್ಮ ಹೆಸರೇ ಮೊದಲಿತ್ತು. ಇಷ್ಟು ಸಲ ಹೇಳಿದ್ದೆ. ಏನಾಯ್ತು? ಹೀಗೇ ಆದ್ರೆ ನಿಮ್ಮನ್ನ ಸಾಲಲ್ಲಿ ಇಟ್ಕೊಳ್ಳೋದು ಹೇಗೆ ಅಂತ ಮೇಲಿನೋರು ಕೇಳ್ತಾರೆ."

ಜೇಬಕ್ಕ ಬಾಯಿ ತೆರೆದಳು. ನಾನು, ನನ್ನ ಕೈ, ಡಬ್ಬ. ಎಲ್ಲಿಂದ ಶುರು ಮಾಡುವುದು ಎಂದು ತಿಳಿಯದೆ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಗಂಡ ಮಾತಾಡಿದ.

"ಲಿಫ್ಟಲ್ಲಿದ್ದೆ ಮೇಡಂ. ನಮ್ಮ ಕಟ್ಟಡದ ಲಿಫ್ಟು. ನಡುವೆ ನಿಂತುಹೋಯ್ತು. ಒಳಗೆ ಸಿಗ್ನಲ್ ಬರಲ್ಲ."

"ಇವರದು?"

"ಇವಳೂ ಜೊತೆಗಿದ್ಲು. ಇಬ್ಬರೂ ಸಿಕ್ಕಾಕ್ಕೊಂಡಿದ್ವಿ."

ಮೇಡಂ ನಿಟ್ಟುಸಿರು ಬಿಟ್ಟರು. "ನಿಮ್ಮ ಕೆಲಸವೇ ಅದಲ್ವಾ. ನಿಮಗೇ ಹೀಗಾಗಬೇಕಾ" ಎಂದು, ಮತ್ತೊಮ್ಮೆ ಎಚ್ಚರಿಸಿ, ಹೆಸರು ಸಾಲಿನಲ್ಲಿ ಇರುತ್ತದೆ ಎಂದು ಹೇಳಿ ಕಳಿಸಿದರು. ಮತ್ತೆ ಯಾವಾಗ ಎಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಬಸ್ಸಿನಲ್ಲಿ ಬಂದರು. ತಮ್ಮ ಕಟ್ಟಡದ ಮೆಟ್ಟಿಲು ಹತ್ತುತ್ತಾ ಎರಡನೇ ಮಹಡಿಯ ತಿರುವಿನಲ್ಲಿ ಅವನಿಗೆ ಉಸಿರು ಸಿಕ್ಕಿಕೊಂಡಿತು. ಕಟಕಟೆ ಹಿಡಿದು ಮೆಟ್ಟಿಲ ಮೇಲೆಯೇ ಕೂತ. ಅವಳೂ ಒಂದು ಮೆಟ್ಟಿಲು ಕೆಳಗೆ ಕೂತಳು.

"ಇಲ್ಲೊಂದು ಲಿಫ್ಟ್ ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದ.

ಅಲ್ಲಿಗೆ ಅವಳ ಕಟ್ಟೆ ಒಡೆಯಿತು. "ನಾನೇ ರೀ. ನಾನೇ ಹಾಕಿದ್ದು. ಗೊತ್ತಿದ್ದು ಹಾಕಲಿಲ್ಲ. ಬೈಯ್ತಾ ಇದ್ದೆ ನಿಮ್ಮನ್ನ, ಕೈ ಅದರಷ್ಟಕ್ಕೆ ಅದು..."

"ಗೊತ್ತು ಕಣೇ. ನಿನ್ನ ಕೈ ನನಗೆ ಗೊತ್ತಿಲ್ವಾ?"

"ಆ ಡಬ್ಬ ತಂದಿದ್ದೂ ನಾನೇ. ನಿಮಗೆ ಏನೂ ಆಗಬಾರದು ಅಂತ ತಂದೆ ರೀ."

ಅವನಿಗೆ ಸಿಟ್ಟಿರಲಿಲ್ಲ ಅಂತ ಅಲ್ಲ, ಅವನೂ ಮನುಷ್ಯನೇ. ಟ್ಯಾಕ್ಸಿಯಲ್ಲಿ ಅವನ ಮೈ ಹೊತ್ತಿ ಉರಿದಿತ್ತು. ಬಾಯಿ ತೆಗೆದರೆ ಏನು ಬಂದೀತೋ ಎಂದು ಹೆದರಿಯೇ ಹಲ್ಲು ಕಚ್ಚಿ ಕೂತಿದ್ದ. ಈಗ ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು, "ಆ ಹುಡುಗಿ ಇನ್ನು ನೀರು ಕುಡೀಬಹುದು" ಎಂದಷ್ಟೇ ಹೇಳಿ, ಏಳಲು ಕೈ ಚಾಚಿದ. ಅವಳು ಎತ್ತಿ ನಿಲ್ಲಿಸಿದಳು.

ಜೇಬಕ್ಕನ ಭಯ ಹೋಯಿತು ಅಂತ ಯಾರಾದರೂ ತಿಳಿದರೆ ತಪ್ಪು. ಹೋಗಿಲ್ಲ. ಫೋನು ಮೈಗೆ ಒಳ್ಳೆಯದಲ್ಲ ಎಂದು ಇವತ್ತಿಗೂ ಲಾಂಡ್ರಿಯ ಯಾವ ಹುಡುಗಿ ಕಿವಿಗೆ ಹಚ್ಚಿಕೊಂಡು ನಿಂತರೂ ಗದರುತ್ತಾಳೆ. ಡಾಕ್ಟರು ಮತ್ತೆ ಸಿಕ್ಕಾಗ, ಹೊಸದೇನಾದರೂ ಗೊತ್ತಾಯಿತಾ ಎಂದು ಕೇಳಿದಳು. ಇಲ್ಲಮ್ಮ, ಇನ್ನೂ ನೋಡ್ತಾ ಇದಾರೆ ಎಂದರು.

ಆದರೆ ಮೆಟ್ಟಿಲ ಮೇಲೆ ಅತ್ತ ಮರುದಿನವೇ ಅವಳು ಕುರ್ಚಿ ಹಾಕಿಕೊಂಡು ಅಟ್ಟ ತಡಕಿ, ಗಂಡನ ಹಳೆಯ ಚರ್ಮದ ಚೀಲವನ್ನು ಕೆಳಗಿಳಿಸಿದಳು. ಧೂಳು ಒರೆಸಿ ತನ್ನ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡಳು. ಅದರಲ್ಲಿ ಅವನ ಫೋನು, ಸದ್ದು ಪೂರ್ತಿ ಏರಿಸಿ, ಗುರುಗುಟ್ಟಿದರೆ ಮೈಗೇ ತಾಕುವಂತೆ. ಬಟ್ಟೆಯ ರಾಶಿಗೆ ಬಗ್ಗಿ ಏಳುವಾಗ ಮುಂದಿದ್ದರೆ ಅಡ್ಡ ಬರುತ್ತದೆ. ಹಾಗಾಗಿ ಅದನ್ನು ಬೆನ್ನ ಹಿಂದಕ್ಕೆ, ಬಲಬದಿಗೆ ಸರಿಸಿಕೊಂಡಳು.

"ಏನೇ ಇದು?" ಎಂದ ಗಂಡ. "ನಿನಗೆ ಅದರ ಹೆದರಿಕೆ ಅಲ್ವಾ? ನನ್ನ ಹತ್ರ ಇರಲಿ ಕೊಡು."

"ನಿಮ್ಮ ಹತ್ರ ಬೇಡ" ಎಂದಳು. "ನಂದು ಎರಡೂ ಚೆನ್ನಾಗಿವೆ."

ಕಸಿಯ ಕರೆ ಇನ್ನೂ ಬಂದಿಲ್ಲ. ಅವಳ ಕೆಲಸದ ನಿಲುವಂಗಿಗಳ ಮೇಲೆ, ಬೆನ್ನಿನ ಬಲಗಡೆ, ಅಂಗೈಯಗಲ ಬಣ್ಣ ಹೋಗತೊಡಗಿದೆ. ಅವನ್ನು ಈಗ ಅವನೇ ಒಗೆದು ಹಾಕುತ್ತಾನೆ.